ಮೈಗ್ರೇನ್‌ಗೆ ಮನೋಚಿಕಿತ್ಸೆ: ಎಲ್ಲಿಂದ ಶುರು ಮಾಡಬೇಕು, ಏನನ್ನು ನಿರೀಕ್ಷಿಸಬೇಕು

ಮೈಗ್ರೇನ್‌ಗೆ ಒಬ್ಬ ಸೈಕಾಲಜಿಸ್ಟನ್ನು ನೋಡಿ ಎಂದು ಡಾಕ್ಟರು ಹೇಳಿದರೆ ಹೆಚ್ಚಿನವರಿಗೆ ಮೊದಲು ಬರುವುದು ಸಿಟ್ಟು. "ಅಂದರೆ ನನಗೆ ನೋವೇ ಇಲ್ಲ, ಎಲ್ಲ ನನ್ನ ಭ್ರಮೆ ಅಂತಲಾ?" ಸಿಟ್ಟು ಬರುವುದು ಸಹಜವೇ. ಈ ಕಾಯಿಲೆ ಇರುವವರು ಮನೆಯಲ್ಲೂ ಕೆಲಸದ ಕಡೆಯೂ ಅಂಥ ಮಾತನ್ನು ಸಾಕುಬೇಕಾಗುವಷ್ಟು ಕೇಳಿರುತ್ತಾರೆ. ಆದರೆ ಡಾಕ್ಟರು ಹೇಳುತ್ತಿರುವುದೇ ಬೇರೆ. ಮೈಗ್ರೇನ್ ಮಿದುಳು ಮತ್ತು ನರಗಳ ಕಾಯಿಲೆ. ಮುಖ ಮತ್ತು ತಲೆಯ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಕೆರಳುತ್ತದೆ, ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅಲ್ಲಿಂದ ನೋವು ಏರುತ್ತಾ ಹೋಗುತ್ತದೆ. ಹೀಗೆ ಬೇಗ ಕೆರಳುವ ಮಿದುಳಿಗೆ ನಿದ್ದೆ, ಊಟ, ಹಾರ್ಮೋನು, ಒತ್ತಡ, ಯಾವುದರಲ್ಲೂ ಏರುಪೇರು ಆಗಿಬರುವುದಿಲ್ಲ. ಇವುಗಳಲ್ಲಿ ಕೆಲವನ್ನು ನಾವೇ ಕಲಿತು ಹದಕ್ಕೆ ತರಬಹುದು. ಮೈಗ್ರೇನ್‌ನ ಮನೋಚಿಕಿತ್ಸೆಯಲ್ಲಿ ನಡೆಯುವುದು ಬಹುಪಾಲು ಇದೇ ಕಲಿಕೆ. ಬಾಲ್ಯದ ಕತೆಯನ್ನೆಲ್ಲ ಬಿಚ್ಚಿಡಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದೇ ಇಲ್ಲ.

ಇದರಿಂದ ಎಷ್ಟು ಉಪಯೋಗ? ಅಮೆರಿಕದ ತಲೆನೋವು ತಜ್ಞರ ಒಕ್ಕೂಟವು 2000ನೇ ಇಸವಿಯಲ್ಲೇ ತನ್ನ ಮಾರ್ಗಸೂಚಿಯಲ್ಲಿ ರಿಲ್ಯಾಕ್ಸೇಷನ್ ತರಬೇತಿ (ಮೈ ಸಡಿಲಿಸುವುದು), ಬಯೋಫೀಡ್‌ಬ್ಯಾಕ್ (ಮೈಯ ಬದಲಾವಣೆಯನ್ನು ಯಂತ್ರದಲ್ಲಿ ನೋಡುತ್ತಾ ಹದಕ್ಕೆ ತರುವುದು) ಮತ್ತು ಸಿಬಿಟಿಯನ್ನು (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ) ಮೈಗ್ರೇನ್ ತಡೆಗಟ್ಟುವ ಚಿಕಿತ್ಸೆಗಳ ಸಾಲಿಗೆ ಸೇರಿಸಿತ್ತು. 2013ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ ದೀರ್ಘಕಾಲಿಕ ಮೈಗ್ರೇನ್ ಇದ್ದ, 10ರಿಂದ 17 ವರ್ಷದ 135 ಮಕ್ಕಳಿದ್ದರು. ಎಲ್ಲರಿಗೂ ಮೈಗ್ರೇನ್ ತಡೆಗಟ್ಟಲು ಅಮಿಟ್ರಿಪ್ಟಿಲಿನ್ ಮಾತ್ರೆ. ಅದರ ಜೊತೆಗೆ ಅರ್ಧದಷ್ಟು ಮಕ್ಕಳಿಗೆ ಸಿಬಿಟಿ, ಉಳಿದವರಿಗೆ ತಲೆನೋವಿನ ಬಗ್ಗೆ ತಿಳಿವಳಿಕೆಯ ಪಾಠ. 28 ದಿನಗಳಲ್ಲಿ ಸರಾಸರಿ 21 ದಿನ ತಲೆನೋವು ಇದ್ದ ಈ ಮಕ್ಕಳಲ್ಲಿ, ಸಿಬಿಟಿ ಪಡೆದವರಿಗೆ 11.5 ದಿನ ಕಡಿಮೆಯಾಯಿತು, ಪಾಠ ಕೇಳಿದವರಿಗೆ 6.8 ದಿನ. ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮೈಗ್ರೇನ್ ತಡೆಗಟ್ಟುವ ಬೀಟಾ ಬ್ಲಾಕರ್ ಮಾತ್ರೆ ಒಂದೇ, ಇಲ್ಲವೇ ಇಂಥ ತರಬೇತಿ ಒಂದೇ ಕೊಟ್ಟಾಗ ಕಾಣದ ಸುಧಾರಣೆ ಎರಡನ್ನೂ ಸೇರಿಸಿ ಕೊಟ್ಟಾಗ ಕಂಡಿತು.

ಇನ್ನೊಂದು ಮಗ್ಗುಲೂ ಇದೆ. ವಯಸ್ಕರ ಮೇಲಿನ ಪ್ರಯೋಗಗಳನ್ನೆಲ್ಲ ಜಾಲಾಡಿದ 2019ರ ಕೊಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆ, ಪುರಾವೆಯ ಗುಣಮಟ್ಟ ತೀರಾ ಕಡಿಮೆ, ಖಚಿತವಾಗಿ ಹೇಳಲಾಗದು ಎಂದಿತು. ಪ್ರಯೋಗಗಳು ಸಣ್ಣವು, ಯಾರು ಯಾವ ಚಿಕಿತ್ಸೆ ಪಡೆಯುತ್ತಿದ್ದಾರೆ ಎಂಬುದನ್ನು ಇಲ್ಲಿ ಮುಚ್ಚಿಡಲೂ ಬರುವುದಿಲ್ಲ. ಹಾಗಾಗಿ ನನ್ನ ನಿಲುವು ಇಷ್ಟು: ಮಾತ್ರೆ ಬಿಟ್ಟು ಇದನ್ನು ಹಿಡಿಯುವುದು ಬೇಡ, ಮಾತ್ರೆಯ ಜೊತೆಗೆ ಹಿಡಿದರೆ ಕಳೆದುಕೊಳ್ಳುವುದು ಕಡಿಮೆ, ಸಿಗಬಹುದಾದದ್ದು ಹೆಚ್ಚು. ತಡೆಗಟ್ಟುವ ಮಾತ್ರೆಗಳು ಮೈಗೆ ಒಗ್ಗದವರಿಗೆ, ಗರ್ಭಿಣಿಯಾಗಲು ಯೋಚಿಸುತ್ತಿರುವವರಿಗೆ, ಮಕ್ಕಳಿಗೆ ಇದು ಇನ್ನೂ ಹೆಚ್ಚು ಮುಖ್ಯ.

ಹಂತ 1: ರೋಗ ಯಾವುದೆಂದು ಖಚಿತವಾಗಲಿ, ಮಾತ್ರೆಯ ಲೆಕ್ಕವೂ ಆಗಲಿ

ಥೆರಪಿಗೆ ಹೋಗುವ ಮೊದಲು ನಿಮ್ಮದು ಮೈಗ್ರೇನೇ ಹೌದೇ ಎಂದು ಡಾಕ್ಟರಿಂದ ಖಚಿತಪಡಿಸಿಕೊಳ್ಳಿ. ತಲೆಯ ಒಂದು ಪಕ್ಕದಲ್ಲಿ ನಾಡಿ ಬಡಿದಂತೆ ನೋವು, ಮೆಟ್ಟಿಲು ಹತ್ತಿದರೂ ಜೋರಾಗುವುದು, ಹೊಟ್ಟೆ ತೊಳಸುವುದು ಅಥವಾ ವಾಂತಿ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಔಷಧಿ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆ ಇರುವುದು, ಇವು ಮೈಗ್ರೇನ್‌ನ ಲಕ್ಷಣಗಳು. ಎಲ್ಲವೂ ಎಲ್ಲರಿಗೂ ಇರಬೇಕೆಂದಿಲ್ಲ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣುತ್ತವೆ. ಅದಕ್ಕೆ ಆರಾ ಎನ್ನುತ್ತಾರೆ.

ಕೆಲವು ತಲೆನೋವುಗಳಿಗೆ ಯಾವ ಥೆರಪಿಗೂ ಕಾಯಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು. ಸಿಡಿಲು ಹೊಡೆದಂತೆ ಒಂದೇ ಕ್ಷಣದಲ್ಲಿ ತಾರಕಕ್ಕೇರಿದ ನೋವು, ಜ್ವರದ ಜೊತೆ ಕತ್ತು ಬಿಗಿಯಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಪ್ರಜ್ಞೆ ಮಸುಕಾಗುವುದು, ತಲೆಗೆ ಪೆಟ್ಟು ಬಿದ್ದ ನಂತರ ಶುರುವಾದ ನೋವು. 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವನ್ನೂ, ಇದ್ದ ತಲೆನೋವಿನ ಸ್ವರೂಪವೇ ಬದಲಾದದ್ದನ್ನೂ ತಡಮಾಡದೆ ತೋರಿಸಿ.

ಇನ್ನು ಮಾತ್ರೆಯ ಲೆಕ್ಕ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆಗಳನ್ನು ಅಥವಾ ಹಲವು ಔಷಧಿ ಬೆರೆತ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಿರಬಹುದು. ಹಾಗಿರುವಾಗ ಎಷ್ಟೇ ಒಳ್ಳೆಯ ಥೆರಪಿಸ್ಟ್ ಸಿಕ್ಕರೂ ಫಲ ಕಾಣುವುದು ಕಷ್ಟ. ಮೊದಲು ಡಾಕ್ಟರ ಜೊತೆ ಕೂತು ಅದನ್ನು ಇಳಿಸುವ ಯೋಜನೆ ಹಾಕಿಕೊಳ್ಳಿ. ಕೆಲವು ಔಷಧಿಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಆದ್ದರಿಂದ ಸ್ವಂತ ತೀರ್ಮಾನ ಬೇಡ.

ಹಂತ 2: ನಾಲ್ಕು ವಾರ ಡೈರಿ ಬರೆಯಿರಿ

ಮೊದಲ ಸೆಷನ್‌ಗೆ ಬರಿಗೈಲಿ ಹೋಗಬೇಡಿ. ನಾಲ್ಕು ವಾರದ ಡೈರಿ ಕೈಯಲ್ಲಿದ್ದರೆ ಎರಡು ಸೆಷನ್‌ಗಳ ಸಮಯ ಉಳಿಯುತ್ತದೆ. ಮೊಬೈಲ್ ಆ್ಯಪ್ ಆಗಬಹುದು, ಕ್ಯಾಲೆಂಡರಿನ ಹಾಳೆಯೂ ಆಗಬಹುದು. ನನ್ನ ಮತ ಹಾಳೆಗೇ, ಏಕೆಂದರೆ ತಲೆ ಸಿಡಿಯುವಾಗ ಸ್ಕ್ರೀನ್ ನೋಡುವುದು ಶಿಕ್ಷೆ.

ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಬರೆಯಬೇಡಿ. ಒಂದು ಸಾಲು ಹೀಗಿದ್ದರೆ ಸಾಕು: "ಶನಿವಾರ. ನಿದ್ದೆ 1ರಿಂದ 9:30. ತಿಂಡಿ ಇಲ್ಲ. 11ಕ್ಕೆ ಎಡಗಣ್ಣಿನ ಹಿಂದೆ ಶುರು, 12:30ಕ್ಕೆ ಮಾತ್ರೆ, ನೋವು 10ಕ್ಕೆ 8. ನಿನ್ನೆ ಆಫೀಸಿನ ವರದಿ ಮುಗಿಯಿತು. ನಿನ್ನೆ ಸಂಜೆಯಿಂದ ಒಂದೇ ಸಮ ಆಕಳಿಕೆ. ಮುಟ್ಟಿಗೆ ಎರಡು ದಿನ." ನೋವಿಲ್ಲದ ದಿನಗಳಿಗೂ ಒಂದು ಸಾಲು ಬೇಕೇಬೇಕು. ನೋವಿನ ದಿನ ಮಾತ್ರ ಬರೆದರೆ ಆ ದಿನ ಕಂಡದ್ದೆಲ್ಲ ಕಾರಣವಾಗಿ ಕಾಣುತ್ತದೆ. ಅದೇ ತಿಂಡಿ ಬಿಟ್ಟ, ಅದೇ ಬಿಸಿಲಿಗೆ ಹೋದ, ಆದರೂ ತಲೆ ನೋಯದ ಹತ್ತು ದಿನಗಳು ಲೆಕ್ಕಕ್ಕೇ ಬರುವುದಿಲ್ಲ.

ಮೇಲಿನ ಸಾಲಿನಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು ಆಕಳಿಕೆ. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಮುಂಚೆಯೇ ಮೈಗ್ರೇನ್ ಮಿದುಳಿನಲ್ಲಿ ಶುರುವಾಗಿರುತ್ತದೆ. ಆಕಳಿಕೆ, ಕತ್ತು ಹಿಡಿದಂತಾಗುವುದು, ಕಿರಿಕಿರಿ, ಸಿಹಿ ತಿನ್ನುವ ಆಸೆ ಇವೆಲ್ಲ ಅದರ ಮುನ್ಸೂಚನೆಗಳು. ಚಾಕೊಲೇಟ್ ತಿಂದದ್ದಕ್ಕೇ ತಲೆನೋವು ಬಂತು ಎಂದು ವರ್ಷಗಟ್ಟಲೆ ಅದನ್ನು ದೂರ ಇಟ್ಟವರಲ್ಲಿ ಕೆಲವರಿಗಾದರೂ, ತಲೆನೋವು ಬರುವುದಿತ್ತು ಎಂದೇ ಚಾಕೊಲೇಟ್ ಬೇಕೆನಿಸಿರುತ್ತದೆ.

ಎರಡನೆಯದು, ವರದಿ ಮುಗಿದ ಮರುದಿನ. ಒತ್ತಡ ಏರಿದಾಗ ಮಾತ್ರ ಮೈಗ್ರೇನ್ ಬರುತ್ತದೆಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ 2014ರಲ್ಲಿ ನ್ಯೂರಾಲಜಿ ಪತ್ರಿಕೆಯಲ್ಲಿ ಬಂದ ಡೈರಿ ಅಧ್ಯಯನವೊಂದು, ಒತ್ತಡ ಒಂದು ದಿನದಿಂದ ಮರುದಿನಕ್ಕೆ ಇಳಿದಾಗ ಮುಂದಿನ ಗಂಟೆಗಳಲ್ಲಿ ಮೈಗ್ರೇನ್ ಬರುವ ಸಂಭವ ಗಣನೀಯವಾಗಿ ಏರುವುದನ್ನು ತೋರಿಸಿತು. ಭಾಗವಹಿಸಿದವರು ಬರೀ 17 ಮಂದಿ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ರಜೆಯ ಮೊದಲ ದಿನವೇ ಹಾಸಿಗೆ ಹಿಡಿಯುವವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಹಂತ 3: ಸರಿಯಾದ ವ್ಯಕ್ತಿಯನ್ನು ಹುಡುಕಿ

ಕ್ಲಿನಿಕಲ್ ಸೈಕಾಲಜಿ ಓದಿದವರು, ಅದರಲ್ಲೂ ದೀರ್ಘಕಾಲದ ನೋವಿನ ರೋಗಿಗಳ ಜೊತೆ ಕೆಲಸ ಮಾಡಿ ರೂಢಿ ಇರುವವರು ಬೇಕು. ನಿಮ್ಮ ನರರೋಗ ತಜ್ಞರನ್ನೇ ಕೇಳುವುದು ಒಳ್ಳೆಯದು. ಸಿಕ್ಕವರನ್ನು ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ: ಮೈಗ್ರೇನ್ ಇರುವವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ? ಯಾವ ವಿಧಾನ ಬಳಸುತ್ತೀರಿ? ಎಷ್ಟು ಸೆಷನ್ ಬೇಕಾಗಬಹುದು? ಫಲ ಸಿಗುತ್ತಿದೆಯೋ ಇಲ್ಲವೋ ಎಂದು ಹೇಗೆ ಅಳೆಯುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ಹೇಳುತ್ತದೆ. "ಡೈರಿ ನೋಡುತ್ತೇನೆ, ಆರೆಂಟು ವಾರಕ್ಕೊಮ್ಮೆ ಪರಿಶೀಲಿಸೋಣ" ಎನ್ನುವವರು ಸಿಕ್ಕರೆ ಬಿಡಬೇಡಿ. ಮಾತ್ರೆ ಎಲ್ಲ ನಿಲ್ಲಿಸಿ, ನಾನು ಪೂರ್ತಿ ವಾಸಿ ಮಾಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ. ಮೈಗ್ರೇನ್ ಎಲ್ಲಾ ಅದುಮಿಟ್ಟ ಕೋಪದಿಂದ ಬರುವುದು ಎನ್ನುವವರಿಂದಲೂ ದೂರವಿರಿ.

ವಿಧಾನಗಳ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಸಿಬಿಟಿಯಲ್ಲಿ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ನಡೆಯುತ್ತದೆ. ರಿಲ್ಯಾಕ್ಸೇಷನ್ ಮತ್ತು ಬಯೋಫೀಡ್‌ಬ್ಯಾಕ್ ದೇಹದ ಬಿಗಿತವನ್ನು ಸಡಿಲಿಸುವ ತರಬೇತಿಗಳು. ಈ ಕ್ಷಣದ ಅನುಭವವನ್ನು ಸರಿತಪ್ಪು ಎಣಿಸದೆ ಗಮನಿಸುವುದನ್ನು ಕಲಿಸುವ ಮೈಂಡ್‌ಫುಲ್‌ನೆಸ್ ಕೋರ್ಸುಗಳು ಸಾಮಾನ್ಯವಾಗಿ ಎಂಟು ವಾರದವು. ಎಸಿಟಿ ಎಂಬ ವಿಧಾನ, ನೋವು ಇದ್ದರೂ ತನಗೆ ಮುಖ್ಯವಾದ ಬದುಕನ್ನು ಬಿಟ್ಟುಕೊಡದಿರುವುದನ್ನು ಕಲಿಸುತ್ತದೆ. ಅನುಭವಿ ಥೆರಪಿಸ್ಟ್‌ಗಳು ಇವುಗಳನ್ನು ಬೆರೆಸಿಯೇ ಬಳಸುತ್ತಾರೆ. ವಾರಕ್ಕೊಂದರಂತೆ ಆರರಿಂದ ಹನ್ನೆರಡು ಸೆಷನ್ ಸಾಮಾನ್ಯ. ಪ್ರಯಾಣ ಮಾಡಿದರೇ ತಲೆನೋವು ಬರುವವರು ವಿಡಿಯೋ ಕರೆಯ ಸೆಷನ್ ಕೇಳಲು ಸಂಕೋಚಪಡಬೇಕಿಲ್ಲ.

ಖಿನ್ನತೆ, ಆತಂಕ ಮೈಗ್ರೇನ್ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ, ಚಿಕಿತ್ಸೆಯ ಕ್ರಮ ಬದಲಾಗುತ್ತದೆ. ಬದುಕುವುದೇ ಬೇಡ ಎನ್ನಿಸುತ್ತಿದ್ದರೆ ಸೆಷನ್ ದಿನದವರೆಗೂ ಕಾಯದೆ ಹತ್ತಿರದವರಿಗೆ ತಿಳಿಸಿ, ಅಂದೇ ವೈದ್ಯರನ್ನು ಕಾಣಿ.

ಹಂತ 4: ಸ್ನಾಯು ಸಡಿಲಿಸುವ ಅಭ್ಯಾಸ

ಥೆರಪಿಯ ಬೆನ್ನೆಲುಬು ಇದೇ ಎಂದು ನನಗನ್ನಿಸುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಪದ್ಧತಿ ಇದು. ಒಂದೊಂದೇ ಸ್ನಾಯುಗುಂಪನ್ನು ಬಿಗಿ ಮಾಡಿ, ಸಡಿಲ ಬಿಟ್ಟು, ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸುವುದು. ಬಿಗಿ ಮಾಡುವುದು ಏಕೆಂದರೆ, ನಮ್ಮ ಭುಜ ಎಷ್ಟು ಮೇಲೇರಿ ಕೂತಿದೆ, ಹಲ್ಲು ಎಷ್ಟು ಕಚ್ಚಿಕೊಂಡಿದ್ದೇವೆ ಎಂಬುದು ದಿನವಿಡೀ ನಮ್ಮ ಗಮನಕ್ಕೇ ಬಂದಿರುವುದಿಲ್ಲ.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ, ಅಥವಾ ಮಲಗಿ. ಬಲಗೈ ಮುಷ್ಟಿಯಿಂದ ಶುರು. ಐದರಿಂದ ಏಳು ಸೆಕೆಂಡ್ ಬಿಗಿ ಹಿಡಿಯಿರಿ, ಪೂರ್ತಿ ಶಕ್ತಿ ಹಾಕಬೇಡಿ, ಮುಕ್ಕಾಲು ಪಾಲು ಸಾಕು. ಒಮ್ಮೆಗೇ ಬಿಟ್ಟುಬಿಡಿ. ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವುದನ್ನು, ಅಂಗೈ ಬೆಚ್ಚಗೆ ಭಾರವಾಗುವುದನ್ನು ಅರ್ಧ ನಿಮಿಷ ಸುಮ್ಮನೆ ಗಮನಿಸಿ. ಆಮೇಲೆ ತೋಳು, ಎಡಗೈ, ಹಣೆ, ಕಣ್ಣು, ದವಡೆ, ಕತ್ತು, ಭುಜ, ಎದೆ, ಹೊಟ್ಟೆ, ತೊಡೆ, ಮೀನಖಂಡ, ಪಾದ. ಮೈಗ್ರೇನ್ ಇರುವವರಿಗೆ ಒಂದು ಎಚ್ಚರಿಕೆ: ಹಣೆ, ದವಡೆ, ಕತ್ತನ್ನು ಬಹಳ ಮೃದುವಾಗಿ ಮಾತ್ರ ಬಿಗಿ ಮಾಡಿ. ನೋವು ಕೆದಕಿದಂತಾದರೆ ಆ ಜಾಗಗಳಲ್ಲಿ ಬಿಗಿಮಾಡುವುದನ್ನು ಬಿಟ್ಟು ಸಡಿಲಿಸುವುದನ್ನು ಮಾತ್ರ ಮಾಡಿ. ಜೊತೆಗೆ ಉಸಿರು ಹೊಟ್ಟೆಯಿಂದ ನಿಧಾನವಾಗಿ ಬರಲಿ, ಬಿಡುವ ಉಸಿರು ಎಳೆಯುವುದಕ್ಕಿಂತ ತುಸು ದೀರ್ಘವಾಗಿರಲಿ.

ಮೊದಲ ವಾರಗಳಲ್ಲಿ ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಬೇಕು. ರೂಢಿಯಾದ ಮೇಲೆ ಗುಂಪುಗಳನ್ನು ಸೇರಿಸುತ್ತಾ ಹೋಗುತ್ತಾರೆ: ಎರಡೂ ಕೈ ಒಟ್ಟಿಗೆ, ಮುಖವೆಲ್ಲ ಒಟ್ಟಿಗೆ. ಆಮೇಲೆ ಬಿಗಿ ಮಾಡದೆಯೇ ಸಡಿಲಿಸುವುದು. ಕೊನೆಗೆ ಉಸಿರು ಬಿಡುತ್ತಾ ಮನಸ್ಸಿನಲ್ಲಿ ಒಂದು ಪದ ಹೇಳಿಕೊಂಡರೆ ಭುಜ ಇಳಿಯುವಷ್ಟು ಕಲಿಕೆ ಆಗಬೇಕು. ಟ್ರಾಫಿಕ್ಕಿನಲ್ಲಿ, ಮೀಟಿಂಗಿನ ಮಧ್ಯೆ, ಫೋನ್ ರಿಂಗಾಗುವ ಹೊತ್ತಿನಲ್ಲಿ ಕೈಗೆ ಬರುವುದು ಈ ಅರ್ಧ ನಿಮಿಷದ ರೂಪವೇ. ಇಪ್ಪತ್ತು ನಿಮಿಷದ್ದು ಅದಕ್ಕೆ ತಯಾರಿ.

ಬಹಳಷ್ಟು ಜನ ಎಡವುವುದು ಒಂದೇ ಕಡೆ. ನೋವು ಬಂದ ದಿನ ಮಾತ್ರ ಮಾಡುತ್ತಾರೆ, ಕಡಿಮೆಯಾಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅಭ್ಯಾಸ ಆಗಬೇಕಾದದ್ದು ನೋವಿಲ್ಲದ ದಿನಗಳಲ್ಲಿ. ತಲೆನೋವಿನ ದಿನ ಅಭ್ಯಾಸ ತಪ್ಪಿದರೂ ಅಡ್ಡಿಯಿಲ್ಲ, ಚೆನ್ನಾಗಿರುವ ದಿನ ತಪ್ಪಿಸಬಾರದು.

ಕೆಲವರಿಗೆ ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟ ತಕ್ಷಣ ಎದೆ ಡವಗುಟ್ಟಿ ಗಾಬರಿಯಾಗುತ್ತದೆ. ಹಿಂದೆ ಆಘಾತ ಅನುಭವಿಸಿದವರಲ್ಲಿ ಇದು ಆಗಬಹುದು. ಕಣ್ಣು ತೆರೆದೇ ಮಾಡಿ, ಐದೇ ನಿಮಿಷ ಮಾಡಿ, ಥೆರಪಿಸ್ಟ್‌ಗೆ ತಪ್ಪದೆ ತಿಳಿಸಿ.

ಹಂತ 5: ಬಯೋಫೀಡ್‌ಬ್ಯಾಕ್ ಸಿಕ್ಕರೆ

ಇದರ ಹಿಂದೆ ಒಂದು ಸ್ವಾರಸ್ಯದ ಘಟನೆ ಇದೆ. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕಾನ್ಸಾಸ್‌ನ ಮೆನಿಂಗರ್ ಫೌಂಡೇಶನ್‌ನಲ್ಲಿ ಎಲ್ಮರ್ ಗ್ರೀನ್ ಮತ್ತು ಸಂಗಡಿಗರು ರಿಲ್ಯಾಕ್ಸೇಷನ್ ಪ್ರಯೋಗ ನಡೆಸುತ್ತಿದ್ದರು. ಮಹಿಳೆಯೊಬ್ಬರ ಕೈಯ ಉಷ್ಣತೆ ಇದ್ದಕ್ಕಿದ್ದಂತೆ ಏರಿತು. ಕೇಳಿದರೆ, ಅದೇ ಹೊತ್ತಿಗೆ ತನ್ನ ಮೈಗ್ರೇನ್ ಇಳಿಯಿತು ಎಂದರು ಆಕೆ. ಅಲ್ಲಿಂದ ಮುಂದೆ ಮೈಗ್ರೇನ್ ಇರುವವರಿಗೆ ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು ಕಲಿಸುವ ಕ್ರಮ ಬೆಳೆಯಿತು.

ಬೆರಳ ತುದಿಗೆ ಉಷ್ಣತೆ ಅಳೆಯುವ ಸಣ್ಣ ಸೆನ್ಸರ್ ಅಂಟಿಸುತ್ತಾರೆ. ಪರದೆಯ ಮೇಲೆ ಅಂಕಿ ಕಾಣುತ್ತದೆ. ಮೈ ಒತ್ತಡದಲ್ಲಿದ್ದಾಗ ಬೆರಳಿನ ರಕ್ತನಾಳಗಳು ಕುಗ್ಗಿ ಕೈ ತಣ್ಣಗಿರುತ್ತದೆ, ನಿರಾಳವಾದಾಗ ಅವು ಹಿಗ್ಗಿ ಕೈ ಬೆಚ್ಚಗಾಗುತ್ತದೆ. ಸಾಮಾನ್ಯವಾಗಿ ಇಡುವ ಗುರಿ 35 ಡಿಗ್ರಿ ಸೆಲ್ಷಿಯಸ್ ಆಸುಪಾಸು. ಹಠ ಹಿಡಿದು ಏರಿಸಹೊರಟರೆ ಅಂಕಿ ಇಳಿಯುತ್ತದೆ, ಕೈಬಿಟ್ಟು ಸುಮ್ಮನಾದರೆ ಏರುತ್ತದೆ. ಈ ಪಾಠವನ್ನು ಯಾರ ಮಾತೂ ಇಷ್ಟು ಚೆನ್ನಾಗಿ ಕಲಿಸಲಾರದು. ಹಣೆ ಮತ್ತು ಕತ್ತಿನ ಸ್ನಾಯುಗಳ ಬಿಗಿತ ಅಳೆಯುವ ಇನ್ನೊಂದು ಬಗೆಯ ಯಂತ್ರವೂ ಇದೆ. ಎರಡೂ ಸಿಗದಿದ್ದರೆ ಚಿಂತೆ ಬೇಡ, ಹಿಂದಿನ ಹಂತದ ಅಭ್ಯಾಸವನ್ನೇ ಗಟ್ಟಿ ಮಾಡಿಕೊಳ್ಳಿ.

ಹಂತ 6: ನೋವಿಗೆ ಮುಂಚೆ ಬರುವ ಭಯ

ತಿಂಗಳಿಗೆ ಆರು ದಿನ ತಲೆನೋವು ಇರುವವರು ಉಳಿದ ಇಪ್ಪತ್ತನಾಲ್ಕು ದಿನವೂ ಅದರ ನೆರಳಲ್ಲೇ ಇರುತ್ತಾರೆ. ಮದುವೆಗೆ ಬರುತ್ತೇನೆಂದು ಮಾತು ಕೊಡುವುದಿಲ್ಲ, ಹೊಸ ಜವಾಬ್ದಾರಿ ಒಪ್ಪುವುದಿಲ್ಲ, ತಲೆ ಸ್ವಲ್ಪ ಭಾರವೆನಿಸಿದರೂ ಮಾತ್ರೆ ನುಂಗುತ್ತಾರೆ. ಸಿಬಿಟಿ ಹಿಡಿಯುವುದು ಈ ಎಳೆಯನ್ನು.

ಥೆರಪಿಸ್ಟ್ ಒಂದು ಹಾಳೆ ಕೊಡುತ್ತಾರೆ. ಉದಾಹರಣೆಗೆ ಒಬ್ಬ ಶಿಕ್ಷಕಿ ಬರೆದರೆ ಹೀಗಿರಬಹುದು. ಸಂದರ್ಭ: ಭಾನುವಾರ ರಾತ್ರಿ, ನಾಳೆ ಶಾಲೆಯ ತಪಾಸಣೆ. ಬಂದ ಯೋಚನೆ: ನಾಳೆ ಖಂಡಿತ ತಲೆನೋವು ಬರುತ್ತದೆ, ತರಗತಿಯ ನಡುವೆ ವಾಂತಿಯಾಗುತ್ತದೆ, ನನ್ನನ್ನು ಕೆಲಸಕ್ಕೆ ಬಾರದವಳು ಅಂದುಕೊಳ್ಳುತ್ತಾರೆ. ಮೈಯಲ್ಲಿ ಆದದ್ದು: ಹೊಟ್ಟೆಯಲ್ಲಿ ಸಂಕಟ, ಭುಜ ಬಿಗಿ. ಮಾಡಿದ್ದು: ಮುಂಜಾಗ್ರತೆಗೆಂದು ಒಂದು ಮಾತ್ರೆ, ರಾತ್ರಿ ಎರಡರವರೆಗೆ ನಿದ್ದೆ ಇಲ್ಲ.

ಮುಂದಿನ ಕಾಲಂ ಮುಖ್ಯ: ಇದಕ್ಕೆ ಪುರಾವೆ ಏನು? ಡೈರಿ ತೆಗೆದು ನೋಡಿದರೆ ಇಂಥ ದಿನಗಳಲ್ಲಿ ಕೆಲವೊಮ್ಮೆ ನೋವು ಬಂದಿದೆ, ಹಲವು ಸಲ ಬಂದಿಲ್ಲ. ಬಂದಾಗಲೂ ಮಾತ್ರೆ ತೆಗೆದುಕೊಂಡು ದಿನ ದೂಡಿದ್ದಾರೆ. ಹಾಗಾಗಿ ಬದಲಿ ಯೋಚನೆ: "ಬರಬಹುದು, ಬಾರದಿರಬಹುದು. ಬಂದರೆ ಮಾತ್ರೆ ಚೀಲದಲ್ಲಿದೆ, ಪಕ್ಕದ ತರಗತಿಯ ಮೇಡಂಗೆ ಹೇಳಿದ್ದೇನೆ. ಈಗ ಮಾಡಬೇಕಾದದ್ದು ಮಲಗುವುದು." ಎಲ್ಲ ಒಳ್ಳೆಯದಾಗುತ್ತದೆ ಎಂಬ ಬಲವಂತದ ಆಶಾವಾದ ಇಲ್ಲಿಲ್ಲ ಎನ್ನುವುದನ್ನು ಗಮನಿಸಿ. ನಂಬಲಾಗದ ಧೈರ್ಯದ ಮಾತು ರಾತ್ರಿ ಹನ್ನೊಂದಕ್ಕೆ ಕೈಕೊಡುತ್ತದೆ, ಡೈರಿಯಲ್ಲಿರುವ ಲೆಕ್ಕ ಕೈಕೊಡುವುದಿಲ್ಲ.

ಹಂತ 7: ಪ್ರಚೋದಕಗಳನ್ನೆಲ್ಲ ದೂರವಿಡಬೇಕೇ?

ಟ್ರಿಗರ್‌ಗಳನ್ನು, ಅಂದರೆ ತಲೆನೋವನ್ನು ಕೆರಳಿಸುವ ಪ್ರಚೋದಕಗಳನ್ನು, ಪಟ್ಟಿ ಮಾಡಿ ಎಲ್ಲವನ್ನೂ ಬಿಡಿ ಎನ್ನುವುದು ಹಳೆಯ ಸಲಹೆ. ಪಟ್ಟಿ ಉದ್ದವಾಗುತ್ತಾ ಬಂದಂತೆ ಬದುಕು ಚಿಕ್ಕದಾಗುತ್ತದೆ. ಸದಾ ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲ ಕೋಣೆಯಲ್ಲಿರುವವರ ಕಣ್ಣು ಬೆಳಕಿಗೆ ಇನ್ನಷ್ಟು ಸೂಕ್ಷ್ಮವಾಗಬಹುದು. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಪಾಲ್ ಮಾರ್ಟಿನ್ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಲ್ಲವನ್ನೂ ತಪ್ಪಿಸುವ ಸಲಹೆಗಿಂತ ಕೆಲವು ಪ್ರಚೋದಕಗಳನ್ನು ಹಂತಹಂತವಾಗಿ ಎದುರಿಸಿ ಒಗ್ಗಿಸಿಕೊಳ್ಳುವ ವಿಧಾನ ಹೆಚ್ಚು ಫಲ ಕೊಟ್ಟಿತು.

ಇದನ್ನು ಸ್ವಂತ ಬುದ್ಧಿಯಿಂದ ಮಾಡಹೋಗಬೇಡಿ. ಯಾವುದನ್ನು ತಪ್ಪಿಸಬೇಕು, ಯಾವುದಕ್ಕೆ ಒಗ್ಗಬೇಕು ಎಂದು ಥೆರಪಿಸ್ಟ್ ಜೊತೆ ಕೂತು ವಿಂಗಡಿಸಿ. ನಿದ್ದೆಗೆಡುವುದು, ಊಟ ಬಿಡುವುದು, ನೀರು ಕುಡಿಯದಿರುವುದಕ್ಕೆ ಒಗ್ಗಿಕೊಳ್ಳುವ ಪ್ರಶ್ನೆಯೇ ಇಲ್ಲ, ಅವು ತಪ್ಪಿಸಬೇಕಾದವು. ಸದ್ದು, ಬೆಳಕು, ಜನಜಂಗುಳಿಯ ಭಯ ಒಗ್ಗಿಸಿಕೊಳ್ಳಬಹುದಾದವು.

ನಿದ್ದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಏಳುವ ಹೊತ್ತು ವಾರದ ಏಳು ದಿನವೂ ಒಂದೇ ಇರಲಿ, ರಜೆಯಲ್ಲೂ. ಹಾಸಿಗೆಯಲ್ಲಿ ಫೋನ್ ಬೇಡ. ನಿದ್ರಾಹೀನತೆ ಜೋರಾಗಿದ್ದರೆ ಅದಕ್ಕೇ ಬೇರೆ ಸಿಬಿಟಿ ಇದೆ, ಕೇಳಿ ಪಡೆಯಿರಿ.

ಇನ್ನೊಂದು ಚಾಳಿ, ತಲೆನೋವು ಹೋದ ಮರುದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಲು ಹೊರಡುವುದು. ಮೂರು ದಿನದ ಬಟ್ಟೆ, ಮೂರು ದಿನದ ಇಮೇಲ್, ರಾತ್ರಿ ಒಂದರವರೆಗೆ. ಆಮೇಲೆ ಮತ್ತೆ ಮಂಚ. ಒಳ್ಳೆಯ ದಿನ ಮಾಡುವ ಕೆಲಸಕ್ಕೆ ಮಿತಿ, ನಡುವೆ ಬಿಡುವು, ಇದನ್ನೂ ಥೆರಪಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಹಾಗೆಯೇ ದೊಡ್ಡ ಕೆಲಸ ಮುಗಿದ ದಿನ ಒಮ್ಮೆಲೇ ಕೈಚೆಲ್ಲದೆ, ಎಂದಿನ ಊಟ ನಿದ್ದೆಯ ಹೊತ್ತನ್ನು ಕಾಯ್ದುಕೊಂಡು ನಿಧಾನವಾಗಿ ಇಳಿಯುವುದು.

ಹಂತ 8: ನೋವಿನ ದಿನಕ್ಕೆ ಒಂದು ಚೀಟಿ

ನೋವು ಶುರುವಾದಾಗ ಯೋಚಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ಚೆನ್ನಾಗಿರುವಾಗಲೇ ಒಂದು ಚೀಟಿ ಬರೆದು ಫ್ರಿಜ್ಜಿನ ಮೇಲೋ ಪರ್ಸಿನೊಳಗೋ ಇಡಿ. ಡಾಕ್ಟರು ಹೇಳಿದ ಮಾತ್ರೆ, ನೋವು ಇನ್ನೂ ಸಣ್ಣದಿರುವಾಗಲೇ. ಈ ತಿಂಗಳು ಮಾತ್ರೆ ತೆಗೆದುಕೊಂಡದ್ದು ಎಷ್ಟನೇ ದಿನ ಎಂದು ಗುರುತು. ನೀರು. ಸಾಧ್ಯವಾದರೆ ಮಬ್ಬು ಬೆಳಕಿನ ಕೋಣೆ, ಹತ್ತು ನಿಮಿಷ ಉಸಿರು ಮತ್ತು ಕೈ ಬೆಚ್ಚಗಾಗಿಸುವ ಅಭ್ಯಾಸ. ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು ಎಂಬುದೂ ಬರೆದಿರಲಿ: "ಮೈಗ್ರೇನ್ ಶುರುವಾಗಿದೆ, ನಾಲ್ಕು ಗಂಟೆ ನಾನು ಸಿಗುವುದಿಲ್ಲ, ಮಗುವನ್ನು ನೀವೇ ಕರೆತನ್ನಿ." ರಿಲ್ಯಾಕ್ಸೇಷನ್ ಬರುತ್ತದೆ ಎಂದು ಮಾತ್ರೆಯನ್ನು ಮುಂದೂಡುವುದು ತಪ್ಪು ಲೆಕ್ಕ, ಏರಿದ ನೋವು ಮಾತ್ರೆಗೂ ಬಗ್ಗುವುದಿಲ್ಲ.

ಮಗುವಿಗೆ ಮೈಗ್ರೇನ್ ಇದ್ದರೆ ತಂದೆತಾಯಿಯ ಪಾಲೂ ಇದೆ. ಗಂಟೆಗೊಮ್ಮೆ "ಈಗ ಹೇಗಿದೆ ಪುಟ್ಟಾ?" ಎಂದು ಕೇಳುತ್ತಿದ್ದರೆ ಮಗುವಿನ ಗಮನವೆಲ್ಲ ನೋವಿನ ಮೇಲೇ ಕೂರುತ್ತದೆ. ಮಾತ್ರೆ ಕೊಟ್ಟು, ವಿಶ್ರಾಂತಿಗೆ ಬಿಟ್ಟು, ಇಳಿದ ಮೇಲೆ ಶಾಲೆಗೋ ಆಟಕ್ಕೋ ಮರಳಲು ಅನುವು ಮಾಡಿಕೊಡಿ. ಅಭ್ಯಾಸ ಮಾಡಿದ ದಿನ ಅದನ್ನು ಗುರುತಿಸಿ ಮೆಚ್ಚಿ.

ಹಂತ 9: ಅಳೆಯಿರಿ, ಆಮೇಲೆ ತೀರ್ಮಾನಿಸಿ

ಮೂರು ತಿಂಗಳಾದ ಮೇಲೆ ಮೊದಲ ನಾಲ್ಕು ವಾರದ ಡೈರಿಯನ್ನೂ ಇತ್ತೀಚಿನ ನಾಲ್ಕು ವಾರದ್ದನ್ನೂ ಪಕ್ಕಪಕ್ಕ ಇಡಿ. ತಲೆನೋವಿನ ದಿನಗಳೆಷ್ಟು, ಮಾತ್ರೆ ತೆಗೆದುಕೊಂಡ ದಿನಗಳೆಷ್ಟು? ಸಂಶೋಧಕರು ಸಾಮಾನ್ಯವಾಗಿ ದಿನಗಳು ಅರ್ಧಕ್ಕಿಳಿದರೆ ಚಿಕಿತ್ಸೆ ಫಲಿಸಿತು ಎನ್ನುತ್ತಾರೆ. ಇದರ ಜೊತೆ ಮೈಡಾಸ್ ಎಂಬ ಐದು ಪ್ರಶ್ನೆಗಳ ಪಟ್ಟಿ ತುಂಬಿಸಿ. ಕಳೆದ ಮೂರು ತಿಂಗಳಲ್ಲಿ ತಲೆನೋವಿನಿಂದ ಎಷ್ಟು ದಿನ ಕೆಲಸ, ಮನೆಗೆಲಸ, ಸ್ನೇಹಿತರ ಒಡನಾಟ ಕೈತಪ್ಪಿತು ಎಂದು ಅದು ಕೇಳುತ್ತದೆ. ಮೊತ್ತ 5ರೊಳಗಿದ್ದರೆ ತೊಂದರೆ ಅಲ್ಪ, 21 ಮುಟ್ಟಿದರೆ ತೀವ್ರ.

ಎರಡೂ ಅಳತೆ ಬೇಕೆನ್ನಲು ಕಾರಣವಿದೆ. 2021ರಲ್ಲಿ ಪ್ರಕಟವಾದ ಮೈಂಡ್‌ಫುಲ್‌ನೆಸ್ ಪ್ರಯೋಗವೊಂದರಲ್ಲಿ 89 ಮಂದಿ ಇದ್ದರು. ಮೈಂಡ್‌ಫುಲ್‌ನೆಸ್ ಕಲಿತವರಿಗೂ ಬರೀ ತಿಳಿವಳಿಕೆಯ ಪಾಠ ಕೇಳಿದವರಿಗೂ ಮೈಗ್ರೇನ್ ದಿನಗಳ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೈಗ್ರೇನ್‌ನಿಂದ ದಿನಚರಿಗೆ ಬೀಳುವ ಪೆಟ್ಟು, ಮನಸ್ಸಿನ ಸ್ಥಿತಿ, ನಿಭಾಯಿಸಬಲ್ಲೆ ಎಂಬ ನಂಬಿಕೆ ಇವುಗಳಲ್ಲಿ ಮೊದಲ ಗುಂಪು ಮುಂದಿತ್ತು. ಬರೀ ದಿನ ಎಣಿಸುವವರಿಗೆ ಇದು ಸೋಲಿನಂತೆ ಕಾಣುತ್ತದೆ. ಮಗಳ ಶಾಲಾ ಕಾರ್ಯಕ್ರಮಕ್ಕೆ ಈ ಸಲ ಹೋಗಿಬಂದವರಿಗೆ ಹಾಗೆ ಕಾಣಲಿಕ್ಕಿಲ್ಲ.

ಎರಡೂ ಅಳತೆಯಲ್ಲಿ ಏನೂ ಕದಲಿಲ್ಲವೇ? ಮೊದಲು ಅಭ್ಯಾಸ ನಿಜಕ್ಕೂ ಆಗಿದೆಯೇ ನೋಡಿ. ಮಾತ್ರೆಯ ದಿನಗಳು ಮತ್ತೆ ಏರಿವೆಯೇ ನೋಡಿ. ಇವೆರಡೂ ಸರಿಯಿದ್ದರೆ ವಿಧಾನ ಬದಲಿಸುವುದೋ, ಥೆರಪಿಸ್ಟ್ ಬದಲಿಸುವುದೋ, ತಡೆಗಟ್ಟುವ ಔಷಧಿಯನ್ನು ಮರುಪರಿಶೀಲಿಸಿ ಎಂದು ನರರೋಗ ತಜ್ಞರನ್ನು ಕೇಳುವುದೋ ಮಾಡಬೇಕು. ಫಲ ಕಾಣಲಿಲ್ಲವೆಂದು ನಿಮ್ಮ ಮನೋಬಲವನ್ನು ಹಳಿದುಕೊಳ್ಳಬೇಡಿ. ಯಾವ ಮಾತ್ರೆಯೂ ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಇದೂ ಹಾಗೆಯೇ.

ಫಲ ಕಂಡಿದ್ದರೆ ಸೆಷನ್‌ಗಳನ್ನು ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದು ದೂರ ಮಾಡುತ್ತಾ ಮುಗಿಸುತ್ತಾರೆ. ದಿನದ ಅಭ್ಯಾಸ ಹತ್ತು ನಿಮಿಷಕ್ಕಾದರೂ ಉಳಿಸಿಕೊಳ್ಳಿ. ಮುಂದೆಂದೋ ಒಂದು ತಿಂಗಳು ದಿನಗಳು ಏರತೊಡಗಿದರೆ ಡೈರಿಯನ್ನು ನಾಲ್ಕು ವಾರ ಮತ್ತೆ ಬರೆಯಿರಿ, ಅದನ್ನು ಹಿಡಿದುಕೊಂಡು ಒಂದೆರಡು ಸೆಷನ್‌ಗೆ ಹೋಗಿಬನ್ನಿ.